ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು

ಕರಾವಳಿ ಕರ್ನಾಟಕದಿಂದ ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ಹುಡುಗರು ಹಗಲು ದುಡಿದು ಇರುಳು ಓದಲೆಂದು ಅಲ್ಲಿನ ತುಳು-ಕನ್ನಡ ಸಂಘಗಳು ತೆರೆದ ಶಾಲೆಗಳಿವು. ಹಳೆಯವುಗಳಲ್ಲೊಂದು, ಫೋರ್ಟ್ ಪ್ರದೇಶದಲ್ಲಿ 1908ರಲ್ಲಿ ಆರಂಭವಾದ ಮೊಗವೀರ ರಾತ್ರಿ ಶಾಲೆ. 1932ರಲ್ಲಿ ಸ್ಥಾಪನೆಯಾದ ಬಿಲ್ಲವರ ಅಸೋಸಿಯೇಷನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. 1927ರಲ್ಲಿ ಹುಟ್ಟಿದ ಬಂಟರ ಸಂಘವೂ ವಿದ್ಯಾರ್ಥಿವೇತನ, ಶಾಲೆ, ಕಾಲೇಜುಗಳ ಮೂಲಕ ಇದೇ ಹಾದಿ ಹಿಡಿಯಿತು.

ಫೋರ್ಟಿನ ಕಚೇರಿ ಕ್ಯಾಂಟೀನುಗಳಲ್ಲಿ ಕಪ್ಪು-ಬಸಿ ತೊಳೆಯುವ, ಮೇಜು ಒರೆಸುವ ಹುಡುಗರಿಗೆ ಮನೆಯೆಂಬುದಿರಲಿಲ್ಲ. ಕಚೇರಿ ಮುಚ್ಚಿದ ಮೇಲೆ ಕ್ಯಾಂಟೀನೇ ಮಲಗುವ ಜಾಗ, ಒರೆಸಿದ ಮೇಜೇ ಹಾಸಿಗೆ. ಕೆಲಸ ಮುಗಿದು ನಿದ್ದೆ ಬರುವ ತನಕದ ಹೊತ್ತನ್ನೇ ರಾತ್ರಿ ಶಾಲೆ ತುಂಬಿತು. ಊರಿನ ಮಾತಾಡುವ ಮಾಸ್ತರರು, ಓರಗೆಯ ಗೆಳೆಯರು, ಯಕ್ಷಗಾನ, ಆಟೋಟ ಎಲ್ಲವೂ ಅಲ್ಲಿ ಸಿಕ್ಕವು. ಹೀಗೆ ಎಸ್ಸೆಸ್ಸಿ ಮುಗಿಸಿ ಬ್ಯಾಂಕು, ಕಚೇರಿ ಸೇರಿದವರು, ಸ್ವಂತ ಹೋಟೆಲು ಹಾಕಿದವರು ಅನೇಕರು.

ಹುಡುಗರನ್ನು ಭೂಗತ ಜಗತ್ತಿನಿಂದ ದೂರವಿಡುವುದು ಈ ಶಾಲೆಗಳ ಘೋಷಿತ ಗುರಿಯಾಗಿರಲಿಲ್ಲ. ಆದರೂ ಅವುಗಳ ಬೆಲೆ ತಿಳಿಯಬೇಕಾದರೆ ನಗರದ ಆ ಮುಖವನ್ನೂ ನೋಡಬೇಕು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಜವಳಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಹಲವರಿಗೆ ಮತ್ತೆ ಕೆಲಸ ಸಿಗಲಿಲ್ಲ. ಜವಳಿ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನ ನಿರುದ್ಯೋಗಿ ತರುಣರಲ್ಲಿ ಕೆಲವರು ಗ್ಯಾಂಗುಗಳ ಪಾಲಾದರು. ಹಫ್ತಾ ವಸೂಲಿಯ ಬೆದರಿಕೆಗೆ ಕರಾವಳಿಯ ಹೋಟೆಲು ಮಾಲೀಕರು ಗುರಿಯಾದರು. ಬೆದರಿಸುವ ಗುಂಪುಗಳಲ್ಲೂ ಕರಾವಳಿಯ ಕೆಲವು ಹುಡುಗರಿದ್ದರೆಂಬುದು ಸಮುದಾಯಕ್ಕೆ ನೋವಿನ ಸಂಗತಿ. ಧಣಿಯೊಡನೆ ಜಗಳವಾದರೆ ಅನ್ನವನ್ನೂ ಸೂರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದ ಹುಡುಗನಿಗೆ ಪರಿಚಯದ ಒಬ್ಬ ಮಾಸ್ತರ, ಒಂದು ಸಂಘದ ಕಚೇರಿ ಇರುವುದು ಪೊಲೀಸ್ ಕಾವಲಿಗಿಂತ ಹೆಚ್ಚಿನ ರಕ್ಷಣೆ.

ಊರಲ್ಲೇ ಶಾಲೆಗಳು ಹೆಚ್ಚಿದಂತೆ ಬಾಲಕರ ವಲಸೆ ತಗ್ಗಿತು. 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಲಾಯಿತು. ಕನ್ನಡ ಮಾಧ್ಯಮದ ತರಗತಿಗಳು ಸೊರಗಿದವು. ಆದರೆ ದುಡಿಯುತ್ತ ಓದುವ ಬಡ ತರುಣರು ನಗರದಲ್ಲಿ ಇಂದಿಗೂ ಇದ್ದಾರೆ. 2008ರಲ್ಲಿ ಆರಂಭವಾದ ‘ಮಾಸೂಮ್’ ಸಂಸ್ಥೆ ಮುಂಬಯಿಯ ರಾತ್ರಿ ಶಾಲೆಗಳಿಗೆ ಉಪಾಹಾರ, ಪುಸ್ತಕ ಮತ್ತು ಸಂಚಾರಿ ವಿಜ್ಞಾನ ಪ್ರಯೋಗಾಲಯ ಒದಗಿಸುತ್ತಿದೆ.