ಶ್ಟಿರ್ಲಿಟ್ಸನೂ ಅವನ ಪ್ರೇಕ್ಷಕರೂ

ಚಾರರೇ ಅರಸನ ಕಣ್ಣುಗಳೆಂಬ ಮಾತು ನಮ್ಮ ನೀತಿಗ್ರಂಥಗಳಲ್ಲಿ ಬಹು ಹಳೆಯದು. ಚಾರನು ಪ್ರಜೆಗಳನ್ನು ನೋಡುತ್ತಾನೆ. ಅರಸನು ಚಾರನ ಮೂಲಕ ನೋಡುತ್ತಾನೆ. ಆದರೆ ಪ್ರಜೆಗಳೇ ಚಾರನನ್ನು ದಿಟ್ಟಿಸಿ ನೋಡಿ, ಅವನ ವಿಷಯವಾಗಿ ತಮ್ಮತಮ್ಮೊಳಗೆ ಮಾತನಾಡಿಕೊಂಡ ಸಂದರ್ಭಗಳು ಚರಿತ್ರೆಯಲ್ಲಿ ವಿರಳ. ಅಂತಹ ಪ್ರಸಂಗವೊಂದು ೧೯೭೩ನೆಯ ಇಸವಿಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ಒದಗಿಬಂದಿತು. ಆ ವರ್ಷದ ಆಗಸ್ಟ್ ೧೧ರಿಂದ ೨೪ರವರೆಗೆ ಅಲ್ಲಿನ ದೂರದರ್ಶನದಲ್ಲಿ ‘ವಸಂತದ ಹದಿನೇಳು ಕ್ಷಣಗಳು’ ಎಂಬ ಹನ್ನೆರಡು ಕಂತುಗಳ ಗೂಢಚಾರ ಕಥೆಯು ಪ್ರಸಾರವಾಯಿತು. ಅದನ್ನು ನೋಡಿದ ಜನರು ಏನೆಂದರು, ಬಾಯಿಬಿಟ್ಟು ಹೇಳಲಾಗದುದನ್ನು ಯಾವ ಉಪಾಯದಿಂದ ಹೇಳಿದರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಥೆಯನ್ನು ಸಂಕ್ಷೇಪವಾಗಿ ತಿಳಿಸುವುದು ಅವಶ್ಯ. ಇದರ ಮೂಲ ಯೂಲಿಯನ್ ಸೆಮ್ಯೋನೊವ್ ಎಂಬ ಕಾದಂಬರಿಕಾರನ ಗ್ರಂಥ. ನಿರ್ದೇಶಕಿ ತಾತಿಯಾನಾ ಲಿಯೊಜ್ನೊವಾ ಎಂಬ ಮಹಿಳೆ. ಕಾಲವು ೧೯೪೫ರ ಫೆಬ್ರವರಿ ಮತ್ತು ಮಾರ್ಚಿ ತಿಂಗಳುಗಳು. ಸ್ಥಳವು ಸೋಲಿನ ಅಂಚಿನಲ್ಲಿದ್ದ ಬರ್ಲಿನ್ ನಗರ. ಹಿಟ್ಲರನ ಭದ್ರತಾ ಕಚೇರಿಯಲ್ಲಿ ಮಾಕ್ಸ್ ಒಟ್ಟೊ ಫೊನ್ ಶ್ಟಿರ್ಲಿಟ್ಸ್ ಎಂಬ ಅಧಿಕಾರಿಯೊಬ್ಬನಿದ್ದಾನೆ. ಅವನು ನಿಜವಾಗಿ ರಷ್ಯಾದ ಬೇಹುಗಾರ. ಬಹು ವರ್ಷಗಳಿಂದ ಶತ್ರುವಿನ ಉಡುಪಿನಲ್ಲಿ ಶತ್ರುವಿನ ನಡುವೆಯೇ ಬದುಕುತ್ತಿರುವವನು. ಜರ್ಮನ್ ನಾಯಕರಲ್ಲಿ ಯಾರು ಪಾಶ್ಚಾತ್ಯ ರಾಷ್ಟ್ರಗಳೊಡನೆ ಗುಟ್ಟಾಗಿ ಸಂಧಾನಕ್ಕೆ ಹವಣಿಸುತ್ತಿದ್ದಾರೆಂಬುದನ್ನು ಕಂಡುಹಿಡಿದು ಆ ಸಂಧಾನವನ್ನು ಮುರಿಯುವ ಕಾರ್ಯವು ಅವನಿಗೆ ಒಪ್ಪಿಸಲ್ಪಟ್ಟಿದೆ. ಗೆಸ್ಟಾಪೊ ಎಂಬ ರಹಸ್ಯ ಪೋಲೀಸಿನ ಮುಖ್ಯಸ್ಥ ಮ್ಯುಲ್ಲರನಿಗೆ ಅವನ ಮೇಲೆ ಸಂಶಯವುಂಟಾಗುತ್ತದೆ. ಇವರಿಬ್ಬರ ನಡುವಣ ಮಾತಿನ ಚದುರಂಗವೇ ಕಥೆಯ ತಿರುಳು.

ಈ ಕಥೆಯ ಬುಡದಲ್ಲಿ ಚರಿತ್ರೆಯ ಸತ್ಯಾಂಶವೊಂದುಂಟು. ೧೯೪೫ರ ಮಾರ್ಚಿಯಲ್ಲಿ ಜರ್ಮನ್ ಸೇನಾನಿ ಕಾರ್ಲ್ ವೊಲ್ಫನು ಸ್ವಿಟ್ಜರ್ಲೆಂಡಿನಲ್ಲಿ ಅಮೆರಿಕದ ಅಲೆನ್ ಡಲ್ಲೆಸನನ್ನು ಗುಟ್ಟಾಗಿ ಕಂಡು, ಇಟಲಿಯಲ್ಲಿದ್ದ ಜರ್ಮನ್ ಸೇನೆಯ ಶರಣಾಗತಿಯ ವಿಷಯವನ್ನು ಪ್ರಸ್ತಾಪಿಸಿದುದು ನಿಜ. ಈ ಮಾತುಕತೆಗೆ ತಮ್ಮವರನ್ನು ಸೇರಿಸಿಕೊಳ್ಳಲಿಲ್ಲವೆಂದು ಸ್ಟಾಲಿನ್ನನು ರೂಸ್‌ವೆಲ್ಟರಿಗೆ ಬಿರುಸಾದ ಪತ್ರಗಳನ್ನು ಬರೆದುದೂ ನಿಜ. ಇಟಲಿಯ ಸೇನೆ ಕಡೆಗೆ ಏಪ್ರಿಲ್ ೨೯ರಂದು ಕಸೆರ್ತಾದಲ್ಲಿ ಶರಣಾಗತಿಯ ಪತ್ರಕ್ಕೆ ರುಜು ಹಾಕಿತು. ಆದರೆ ಇವೆಲ್ಲದರ ನಡುವೆ ಶ್ಟಿರ್ಲಿಟ್ಸ್ ಎಂಬ ವ್ಯಕ್ತಿ ಇರಲಿಲ್ಲ. ಗೆಸ್ಟಾಪೊವಿನೊಳಗಿದ್ದುಕೊಂಡು ರಷ್ಯಾಕ್ಕೆ ಸುದ್ದಿ ಕೊಟ್ಟ ವಿಲ್ಲಿ ಲೇಮಾನ್ ಎಂಬವನೊಬ್ಬನು ಇದ್ದದ್ದುಂಟು. ಅವನು ಜರ್ಮನನೇ ಹೊರತು ರಷ್ಯನಲ್ಲ, ಮತ್ತು ೧೯೪೨ರಲ್ಲಿಯೇ ಸಿಕ್ಕಿಬಿದ್ದು ಕೊಲ್ಲಲ್ಪಟ್ಟನು.

ಧಾರಾವಾಹಿಯ ಹಿಂದೆ ರಾಜ್ಯದ ಹಸ್ತವಿದ್ದುದು ಗುಟ್ಟಾಗಿ ಉಳಿದಿಲ್ಲ. ೧೯೬೭ರಲ್ಲಿ ಕೆ.ಜಿ.ಬಿ. ಎಂಬ ರಹಸ್ಯ ಪೋಲೀಸಿನ ಅಧ್ಯಕ್ಷನಾದ ಯೂರಿ ಆಂದ್ರೊಪೊವನಿಗೆ ತನ್ನ ಇಲಾಖೆಗೆ ಅಂಟಿದ್ದ ಸ್ಟಾಲಿನ್ ಕಾಲದ ಕೆಟ್ಟ ಹೆಸರನ್ನು ತೊಳೆಯಬೇಕೆಂಬ ಆಸೆಯಿತ್ತು. ನಡುರಾತ್ರಿ ಬಾಗಿಲು ತಟ್ಟಿ ಜನರನ್ನು ಎಳೆದೊಯ್ದವರ ವಾರಸುದಾರರನ್ನು ಸಭ್ಯರೂ ವಿದ್ಯಾವಂತರೂ ದೇಶಕ್ಕಾಗಿ ಏಕಾಂತವನ್ನು ಸಹಿಸುವವರೂ ಆಗಿ ತೋರಿಸಬೇಕಾಗಿತ್ತು. ಚಿತ್ರಕ್ಕೆ ಸಲಹೆಗಾರನಾಗಿದ್ದವನು ಆ ಇಲಾಖೆಯ ಎರಡನೆಯ ಸ್ಥಾನದಲ್ಲಿದ್ದ ಸೆಮ್ಯೋನ್ ತ್ಸ್ವಿಗುನ್. ಪರದೆಯ ಮೇಲೆ ಮಾತ್ರ ಬೇರೊಂದು ಹೆಸರು. ಗೂಢಚಾರರ ಕಥೆಗೆ ಗುಪ್ತನಾಮದ ಸಲಹೆಗಾರ! ಈ ವಿನೋದವು ಆಗಿನ ಪ್ರೇಕ್ಷಕರಿಗೆ ತಿಳಿದಿರಲಿಲ್ಲ.

ಇನ್ನು ಪ್ರೇಕ್ಷಕರ ವಿಚಾರ. ಒಂದೊಂದು ಕಂತನ್ನೂ ೫ ಕೋಟಿಯಿಂದ ೮ ಕೋಟಿಯವರೆಗೆ ಜನರು ನೋಡಿದರೆಂದು ಅಂದಾಜು. ಪ್ರಸಾರದ ವೇಳೆಯಲ್ಲಿ ಬೀದಿಗಳು ಬರಿದಾದುವೆಂದೂ ಕಳ್ಳತನಗಳು ಕಡಿಮೆಯಾದುವೆಂದೂ ಇಂದಿಗೂ ಹೇಳುತ್ತಾರೆ. ಇದರಲ್ಲಿ ಉತ್ಪ್ರೇಕ್ಷೆ ಎಷ್ಟೆಂದು ಅಳೆಯುವುದು ಕಷ್ಟ. ಆದರೆ ಇಂತಹ ಮಾತು ಹುಟ್ಟಿಕೊಂಡುದೇ ಜನಾದರಕ್ಕೆ ಸಾಕ್ಷಿ. ಬೇಡಿಕೆ ಹೆಚ್ಚಿದುದರಿಂದ ಮೂರು ತಿಂಗಳ ತರುವಾಯ ಅದನ್ನು ಮತ್ತೆ ಪ್ರಸಾರ ಮಾಡಬೇಕಾಯಿತು. ೧೯೭೬ರಲ್ಲಿ ನಿರ್ದೇಶಕಿಗೂ ಮುಖ್ಯ ನಟರಿಗೂ ರಾಜ್ಯದ ಪಾರಿತೋಷಕ ದೊರೆಯಿತು. ನಾಯಕನ ಪಾತ್ರ ವಹಿಸಿದ ವ್ಯಾಚೆಸ್ಲಾವ್ ತಿಖೋನೊವನಿಗೆ ೧೯೮೨ರಲ್ಲಿ ‘ಸಮಾಜವಾದಿ ಶ್ರಮವೀರ’ನೆಂಬ ಬಿರುದು ಬಂದಿತು. ಬ್ರೆಜ್ನೆವನು ಈ ಕಥೆಯಲ್ಲಿ ಎಷ್ಟು ಮಗ್ನನಾಗಿದ್ದನೆಂದರೆ, ನಿಜವಾದ ಶ್ಟಿರ್ಲಿಟ್ಸನಿಗೆ ತಕ್ಕ ಸನ್ಮಾನವಾಗಿದೆಯೇ ಎಂದು ವಿಚಾರಿಸಿದನೆಂಬ ಕಥೆಯೂ ಪ್ರಚಾರದಲ್ಲಿದೆ.

ಪ್ರೇಕ್ಷಕರು ಮೆಚ್ಚಿದುದಾದರೂ ಏನು? ಗುಂಡಿನ ಸದ್ದನ್ನಲ್ಲ, ಓಡಾಟವನ್ನಲ್ಲ. ಈ ಕಥೆಯಲ್ಲಿ ನಾಯಕನು ಹೆಚ್ಚಾಗಿ ಸುಮ್ಮನಿರುತ್ತಾನೆ. ಕಾರು ನಡೆಸುತ್ತಾನೆ, ಅಗ್ಗಿಷ್ಟಿಕೆಯ ಮುಂದೆ ಕುಳಿತು ಯೋಚಿಸುತ್ತಾನೆ. ಎಲ್ಲರೂ ನೆನೆಯುವ ದೃಶ್ಯವೊಂದರಲ್ಲಿ ಅವನ ಹೆಂಡತಿಯನ್ನು ರಷ್ಯಾದಿಂದ ಒಂದು ಕಾಫಿಮಂದಿರಕ್ಕೆ ಕರೆತರಲಾಗುತ್ತದೆ. ಗಂಡಹೆಂಡಿರು ಬೇರೆ ಬೇರೆ ಮೇಜುಗಳಲ್ಲಿ ಕುಳಿತು ಹಲವು ನಿಮಿಷಗಳ ಕಾಲ ಒಬ್ಬರನ್ನೊಬ್ಬರು ನೋಡುತ್ತಾರೆ. ಒಂದು ಮಾತಿಲ್ಲ, ತಾರಿವೆರ್ದಿಯೆವನ ಸಂಗೀತ ಮಾತ್ರ. ಆಮೇಲೆ ಆಕೆ ಎದ್ದು ಹೋಗುತ್ತಾಳೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ, ಅಥವಾ ವರ್ಷಗಟ್ಟಲೆ ಕಾದು ಕುಳಿತ ಹೆಂಗಸರು ಆ ದೇಶದಲ್ಲಿ ಮನೆಮನೆಗೂ ಇದ್ದರು. ಅವರಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕಿಟಕಿಯಲ್ಲಿದ್ದ ಅಪಾಯಸೂಚಕ ಹೂವನ್ನು ಗಮನಿಸದೆ ಸ್ವಿಟ್ಜರ್ಲೆಂಡಿನ ಸ್ವಾತಂತ್ರ್ಯದ ಗಾಳಿಗೆ ಮೈಮರೆತು ಬಲೆಗೆ ಬಿದ್ದ ವೃದ್ಧ ಪ್ರೊಫೆಸರ್ ಪ್ಲೈಷ್ನರನಿಗಾಗಿಯೂ ಜನರು ಮರುಗಿದರು.

ಆಕ್ಷೇಪಣೆಗಳೂ ಇಲ್ಲದಿರಲಿಲ್ಲ. ಅವುಗಳಲ್ಲಿ ಒಂದು ವರ್ಗ ಸಂಗತಿಗಳ ತಪ್ಪನ್ನು ಹಿಡಿದುದು. ಹಿಟ್ಲರನ ಆ ಪಡೆಯಲ್ಲಿ ಅಧಿಕಾರಿಯಾಗಬೇಕಾದವನು ೧೭೫೦ನೆಯ ಇಸವಿಯವರೆಗೆ ತನ್ನ ವಂಶಾವಳಿಯನ್ನು ರುಜುವಾತುಪಡಿಸಬೇಕಾಗಿತ್ತು. ಹೊರಗಿನವನೊಬ್ಬನು ಆ ಜರಡಿಯಿಂದ ನುಸುಳಿ ಅಷ್ಟು ಮೇಲಕ್ಕೇರುವುದು ದುಸ್ಸಾಧ್ಯ. ೧೯೪೫ರಲ್ಲಿ ನಡೆಯುವ ದೃಶ್ಯವೊಂದರಲ್ಲಿ ಅನೇಕ ವರ್ಷಗಳ ಬಳಿಕ ಹುಟ್ಟಿದ ಫ್ರೆಂಚ್ ಹಾಡೊಂದು ಕೇಳಿಬರುತ್ತದೆ. ಇಂತಹ ತಪ್ಪುಗಳನ್ನು ಹುಡುಕುವುದು ಅಲ್ಲಿನ ಪ್ರೇಕ್ಷಕರಿಗೆ ಒಂದು ವಿನೋದವೇ ಆಯಿತು. ಎರಡನೆಯ ಆಕ್ಷೇಪಣೆ ಪಕ್ಷದ ಮೇಲಣ ವಲಯದಿಂದ ಬಂದುದೆಂದು ಹೇಳಿಕೆ: ಯುದ್ಧವನ್ನು ಗೆದ್ದವರು ಲಕ್ಷಾಂತರ ಸೈನಿಕರಾಗಿರಲು, ಒಬ್ಬ ಗೂಢಚಾರನಿಗೆ ಇಷ್ಟು ಕೀರ್ತಿ ಸಲ್ಲುವುದು ಸರಿಯೇ?

ಮೂರನೆಯದು ಇವೆರಡಕ್ಕಿಂತ ಗುರುತರವಾದುದು. ಅದುವರೆಗಿನ ರಷ್ಯನ್ ಚಿತ್ರಗಳಲ್ಲಿ ಹಿಟ್ಲರನ ಕಡೆಯವರೆಂದರೆ ಅರಚುವ ಮೂಢರು. ಇಲ್ಲಿಯಾದರೋ ಲಿಯೊನಿದ್ ಬ್ರೊನೆವೊಯ್ ನಟಿಸಿದ ಮ್ಯುಲ್ಲರನು ಬುದ್ಧಿವಂತ, ಹಾಸ್ಯಪ್ರಿಯ, ಬಿಗಿಯಾದ ಕಾಲರಿನಿಂದ ಕತ್ತನ್ನು ಕೊಂಕಿಸುವ ದಣಿದ ಹಿರಿಯ ಗುಮಾಸ್ತನಂತಿದ್ದಾನೆ. ಒಲೆಗ್ ತಬಾಕೋವ್ ನಟಿಸಿದ ಷೆಲೆನ್‌ಬರ್ಗನ ನಗುವಂತೂ ಮೋಹಕ. ಷೆಲೆನ್‌ಬರ್ಗನ ಬಂಧುವೊಬ್ಬಳು ಜರ್ಮನಿಯಿಂದ ತಮಗೆ ಕೃತಜ್ಞತೆಯ ಪತ್ರ ಬರೆದಳೆಂದು ತಬಾಕೋವರು ಹೇಳುತ್ತಿದ್ದರು. ಲಕ್ಷಾಂತರ ಜನರ ಕೊಲೆಗೆ ಕಾರಣವಾದ ಕಚೇರಿಯನ್ನು ಹೀಗೆ ಮನೋಹರವಾಗಿ ತೋರಿಸಬಹುದೇ? ಸಮವಸ್ತ್ರದ ಚೆಲುವನ್ನು ಕಂಡು ಎಳೆಯರು ಮರುಳಾಗರೇ? ಈ ಪ್ರಶ್ನೆಯು ಸಾಧುವಾದುದೇ. ಇದನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಪ್ರೇಕ್ಷಕರು ಆ ಕಚೇರಿಯಲ್ಲಿ ಕಂಡುದು ಜರ್ಮನಿಯನ್ನು ಮಾತ್ರವೇ ಎಂಬುದನ್ನೂ ವಿಚಾರಿಸಬೇಕು. ಉದ್ದವಾದ ಓಣಿಗಳು, ಹೆಸರುಳ್ಳ ಕಡತಗಳು, ಪ್ರತಿಯೊಬ್ಬ ಅಧಿಕಾರಿಯ ಗುಣನಡತೆಗಳನ್ನು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಹೇಳುವ ದಾಖಲೆಗಳು, ಮೇಲಧಿಕಾರಿಯೆದುರು ಒಂದು ಮಾತು, ಅವನ ಬೆನ್ನ ಹಿಂದೆ ಇನ್ನೊಂದು, ಗೋಡೆಗೂ ಕಿವಿಯುಂಟೆಂಬ ಎಚ್ಚರ—ಇವೆಲ್ಲ ಆ ಪ್ರೇಕ್ಷಕರಿಗೆ ಪರದೇಶದ ಸಂಗತಿಗಳಾಗಿರಲಿಲ್ಲ. ಮನಸ್ಸಿನಲ್ಲಿ ಒಂದನ್ನಿಟ್ಟುಕೊಂಡು ಕಚೇರಿಯಲ್ಲಿ ಇನ್ನೊಂದನ್ನಾಡುವ ಶ್ಟಿರ್ಲಿಟ್ಸನ ಬಾಳು ಅವರಿಗೆ ಒಳಗಿನಿಂದ ತಿಳಿದ ಬಾಳು. ಮ್ಯುಲ್ಲರನ ಪಾತ್ರಧಾರಿಯ ಜೀವನವೇ ಇದಕ್ಕೊಂದು ಭಾಷ್ಯದಂತಿದೆ. ಬ್ರೊನೆವೊಯ್‌ನ ತಂದೆ ಸ್ವತಃ ಸೋವಿಯತ್ ರಹಸ್ಯ ಪೋಲೀಸಿನ ಅಧಿಕಾರಿಯಾಗಿದ್ದು, ೧೯೩೦ರ ದಶಕದಲ್ಲಿ ಅದೇ ಪೋಲೀಸಿನಿಂದ ಬಂಧಿತನಾಗಿ ಸೆರೆಶಿಬಿರಕ್ಕೆ ಹೋದವನು. ತಾಯಿಯೂ ಮಗನೂ ಊರು ಬಿಟ್ಟು ದೂರ ವಾಸಮಾಡಬೇಕಾಯಿತು. ಆ ಮಗನೇ ಬೆಳೆದು ಪೋಲೀಸ್ ಮುಖ್ಯಸ್ಥನ ಪಾತ್ರದಲ್ಲಿ ದೇಶವನ್ನೆಲ್ಲ ಬೆರಗುಗೊಳಿಸಿದನು.

ಬಾಯಿಬಿಟ್ಟು ಆಡಲಾಗದ ಈ ಗುರುತಿಸುವಿಕೆಯು ಹೊರಬಂದುದು ನಗೆಹನಿಗಳ ರೂಪದಲ್ಲಿ. ಧಾರಾವಾಹಿಯಲ್ಲಿ ಯೆಫಿಮ್ ಕೊಪೆಲ್ಯಾನ್ ಎಂಬ ನಟನ ಗಂಭೀರವಾದ ಧ್ವನಿಯೊಂದು, ಶ್ಟಿರ್ಲಿಟ್ಸನು ಏನು ಯೋಚಿಸುತ್ತಿದ್ದಾನೆ, ಏನನ್ನು ಬಲ್ಲನು, ಏನನ್ನರಿಯನು ಎಂದು ತೆರೆಯ ಹಿಂದಿನಿಂದ ಹೇಳುತ್ತಿರುತ್ತದೆ. ಜನರು ಈ ಧ್ವನಿಯನ್ನೇ ಹಿಡಿದು ಅನುಕರಿಸತೊಡಗಿದರು. ಶ್ಟಿರ್ಲಿಟ್ಸನು ಬರ್ಲಿನ್ನಿನ ಬೀದಿಯಲ್ಲಿ ನಡೆಯುತ್ತಿದ್ದಾನೆ. ಅವನನ್ನು ರಷ್ಯದ ಗೂಢಚಾರನೆಂದು ಯಾವುದೋ ಒಂದು ಬಿಟ್ಟುಕೊಡುತ್ತಿದೆ. ಅದು ಅವನ ಕಣ್ಣಿನ ಹೊಳಪೋ, ಅಥವಾ ಹಿಂದೆ ಎಳೆದುಕೊಂಡು ಬರುತ್ತಿರುವ ಹಾರುಕೊಡೆಯೋ ತಿಳಿಯದು—ಈ ಜಾತಿಯ ಹನಿಗಳು ಅಡಿಗೆಮನೆಗಳಿಂದ ಕಾರ್ಖಾನೆಗಳಿಗೆ, ಅಲ್ಲಿಂದ ರೈಲುಗಾಡಿಗಳಿಗೆ ಹರಡಿದುವು. ಹಲವು ರಷ್ಯನ್ ಭಾಷೆಯ ಶ್ಲೇಷೆಯನ್ನೇ ನೆಮ್ಮಿರುವುದರಿಂದ ಅನುವಾದಕ್ಕೆ ಒಗ್ಗುವುದಿಲ್ಲ.

ಈ ಹನಿಗಳನ್ನು ಕೇವಲ ಹುಡುಗಾಟಿಕೆಯೆಂದು ಬಿಡುವುದು ಚರಿತ್ರಕಾರನಿಗೆ ತಕ್ಕುದಲ್ಲ. ಇವುಗಳಲ್ಲಿ ನಗೆಗೀಡಾದವನು ಮೇಲುನೋಟಕ್ಕೆ ಶ್ಟಿರ್ಲಿಟ್ಸ್. ಆದರೆ ಜನರಿಗೆ ಅವನ ಮೇಲೆ ದ್ವೇಷವಿರಲಿಲ್ಲ, ವಾತ್ಸಲ್ಯವಿತ್ತು. ನಿಜವಾಗಿ ನಗೆಗೀಡಾದುದು ಆ ಧ್ವನಿ. ಎಲ್ಲವನ್ನೂ ತಾನು ಬಲ್ಲೆನೆಂದು ತಿಳಿದು, ಒಬ್ಬೊಬ್ಬ ಮನುಷ್ಯನ ಅಂತರಂಗವನ್ನೂ ತೂಗಿ ಹೇಳುವ ಧ್ವನಿಯನ್ನು ಆ ಜನರು ಪತ್ರಿಕೆಯಲ್ಲಿಯೂ ಸಭೆಯಲ್ಲಿಯೂ ದಿನವೂ ಕೇಳುತ್ತಿದ್ದರು. ಅದನ್ನು ನೇರವಾಗಿ ಹಾಸ್ಯಮಾಡಿದರೆ ಅಪಾಯ. ಶ್ಟಿರ್ಲಿಟ್ಸನ ನೆವದಿಂದ ಹಾಸ್ಯಮಾಡಿದರೆ ಯಾರೂ ಕೇಳುವಂತಿರಲಿಲ್ಲ. ಪಾರಿತೋಷಕಗಳನ್ನೂ ಪತ್ರಿಕೆಗಳ ಹೊಗಳಿಕೆಯನ್ನೂ ಮಾತ್ರ ಓದಿ ಆ ಕಾಲದ ಜನಾಭಿಪ್ರಾಯವನ್ನು ಬರೆದರೆ ಅದು ಅರ್ಧ ಸತ್ಯವಾಗುವುದು. ಉಳಿದರ್ಧವು ಈ ನಗೆಹನಿಗಳಲ್ಲಿದೆ.

ಹಾಗೆಂದು ನಗೆಯ ಶಕ್ತಿಯನ್ನು ಹಿಗ್ಗಿಸಿ ಹೇಳುವುದೂ ತಪ್ಪು. ಆಂದ್ರೊಪೊವನ ಉದ್ದೇಶವೂ ನೆರವೇರದೆ ಹೋಗಲಿಲ್ಲ. ಸೋವಿಯತ್ ಒಕ್ಕೂಟವು ೧೯೯೧ರಲ್ಲಿ ಒಡೆದುಹೋದರೂ ಶ್ಟಿರ್ಲಿಟ್ಸನು ಉಳಿದುಕೊಂಡನು. ೧೯೯೨ರಲ್ಲಿ ಲೆನಿನ್‌ಗ್ರಾಡೆಂದು ಮೊದಲು ಕರೆಯಲ್ಪಡುತ್ತಿದ್ದ ನಗರದ ಅಧಿಕಾರಿಯೊಬ್ಬನನ್ನು ಕುರಿತು ತೆಗೆದ ದೂರದರ್ಶನದ ಚಿತ್ರದಲ್ಲಿ ಅವನು ಕಾರು ನಡೆಸುವಾಗ ಈ ಧಾರಾವಾಹಿಯ ಸಂಗೀತವನ್ನೇ ನುಡಿಸಿದರು. ಅವನು ಹಿಂದೆ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಕೆ.ಜಿ.ಬಿ. ಕೆಲಸದಲ್ಲಿದ್ದ ವ್ಲಾದಿಮಿರ್ ಪುತಿನ್. ಚಲನಚಿತ್ರದ ಪಾತ್ರಗಳಲ್ಲಿ ಯಾರನ್ನು ದೇಶದ ಅಧ್ಯಕ್ಷನನ್ನಾಗಿ ಆರಿಸುವಿರೆಂದು ೧೯೯೯ರಲ್ಲಿ ಜನರನ್ನು ಕೇಳಿದಾಗ ಶ್ಟಿರ್ಲಿಟ್ಸನ ಹೆಸರು ಮುಂದಿನ ಸಾಲಿನಲ್ಲಿ ಬಂದಿತು. ಅದೇ ವರ್ಷದ ಕೊನೆಯ ದಿನ ಪುತಿನ್ ಅಧಿಕಾರಕ್ಕೆ ಬಂದನು. ಒಂದರಿಂದಲೇ ಮತ್ತೊಂದಾಯಿತೆಂದು ನಾವು ಹೇಳುವುದಿಲ್ಲ. ಆದರೆ ಇಪ್ಪತ್ತಾರು ವರ್ಷಗಳ ಕಾಲ ಒಂದು ಜನಾಂಗವು ಮೌನಿಯಾದ, ಸಭ್ಯನಾದ ಗೂಢಚಾರನನ್ನು ಪ್ರೀತಿಸಲು ಕಲಿತಿದ್ದಿತೆಂಬುದನ್ನು ಮರೆಯುವಂತಿಲ್ಲ.

೨೦೦೯ರಲ್ಲಿ ಈ ಕಪ್ಪುಬಿಳುಪಿನ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಪ್ರಸಾರ ಮಾಡಿದಾಗ ಹಳೆಯ ಪ್ರೇಕ್ಷಕರಲ್ಲಿ ಅನೇಕರು ಸಿಡಿಮಿಡಿಗೊಂಡರು. ಬೂದುಬಣ್ಣವೇ ಆ ಕಾಲದ ನಿಜವಾದ ಬಣ್ಣವೆಂಬುದು ಅವರ ವಾದ. ಅದೇ ವರ್ಷದ ಡಿಸೆಂಬರಿನಲ್ಲಿ ತಿಖೋನೊವನೂ, ೨೦೧೧ರಲ್ಲಿ ಲಿಯೊಜ್ನೊವಾಳೂ ತೀರಿಕೊಂಡರು.

ಕಥೆಯ ಕೊನೆಯಲ್ಲಿ ಶ್ಟಿರ್ಲಿಟ್ಸನು ಸ್ವಿಟ್ಜರ್ಲೆಂಡಿನಿಂದ ತನ್ನ ನಾಡಿಗೆ ಹೋಗದೆ ಬರ್ಲಿನ್ನಿಗೇ ಹಿಂದಿರುಗುತ್ತಾನೆ. ಆಮೇಲೆ ಅವನ ಗತಿ ಏನಾಯಿತೆಂಬುದೇ ಪ್ರೇಕ್ಷಕರ ಚಿರಪ್ರಶ್ನೆ. ಇದಕ್ಕೆ ಸೆಮ್ಯೋನೊವನು ೧೯೯೦ರಲ್ಲಿ, ಮಾತಿನ ಕಟ್ಟು ಸಡಿಲಿದ ಕಾಲದಲ್ಲಿ, ‘ಹತಾಶೆ’ ಎಂಬ ಕಾದಂಬರಿಯಲ್ಲಿ ಉತ್ತರ ಕೊಟ್ಟನು. ಅದರಲ್ಲಿ ಅವನು ಸ್ವದೇಶಕ್ಕೆ ಬಂದು ಸ್ವದೇಶದ ಸೆರೆಮನೆಯಲ್ಲಿಯೇ ಬೀಳುತ್ತಾನೆ. ಹೆಂಡತಿಯನ್ನೂ ಮಗನನ್ನೂ ಕಳೆದುಕೊಳ್ಳುತ್ತಾನೆ. ೧೯೭೩ರಲ್ಲಿ ಆ ಕಾಫಿಮಂದಿರದ ದೃಶ್ಯವನ್ನು ಕಂಡು ಕಣ್ಣೀರಿಟ್ಟ ಹಿರಿಯರಲ್ಲಿ ಎಷ್ಟೋ ಮಂದಿಗೆ ಇಂತಹ ಮನೆಗಳ ಪರಿಚಯವಿತ್ತು. ಲೇಖಕನು ಹದಿನೇಳು ವರ್ಷಗಳ ಬಳಿಕ ಬರೆದುದನ್ನು ಅವರು ಅಂದೇ ಊಹಿಸಿದ್ದರು, ಹೇಳಿರಲಿಲ್ಲ, ಅಷ್ಟೆ.