ಕೋರ್ಟು ಕಚೇರಿಯ ಕೈಗಳು: ಧಾರವಾಡ ಸೀಮೆಯ ಎರಡು ಶತಮಾನ



ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ನವನಗರ ಸಿಗುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. ಇಲ್ಲಿಂದ ಹುಬ್ಬಳ್ಳಿಯ ಕಡೆ ಹೋದರೆ ತಿಮ್ಮಸಾಗರದಲ್ಲಿ 2018ರಲ್ಲಿ ಉದ್ಘಾಟನೆಯಾದ ನ್ಯಾಯಾಲಯ ಸಂಕೀರ್ಣ. ಧಾರವಾಡದ ಕಡೆ ಹೋದರೆ ಜಿಲ್ಲಾ ನ್ಯಾಯಾಲಯ ಮತ್ತು ಉಚ್ಚ ನ್ಯಾಯಾಲಯದ ಪೀಠ. ಹೀಗೆ ನ್ಯಾಯದಾನದ ಎಲ್ಲ ಮೆಟ್ಟಿಲುಗಳೂ ಒಂದೇ ರಸ್ತೆಯ ಆಸುಪಾಸಿನಲ್ಲಿ ದೊರೆಯುವ ಊರುಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ಕೋರ್ಟು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವವರು ನ್ಯಾಯಾಧೀಶರು, ವಕೀಲರು ಮತ್ತು ಕಟಕಟೆಯಲ್ಲಿ ನಿಂತ ಸಾಕ್ಷಿ. ಆದರೆ ಪೀಠದ ಕೆಳಗೆ ಕಡತಗಳ ನಡುವೆ ಕುಳಿತಿರುವ ಮತ್ತೊಂದು ವರ್ಗವಿದೆ. ಶಿರಸ್ತೇದಾರರು, ಬೆಂಚ್ ಕ್ಲಾರ್ಕು, ಶೀಘ್ರಲಿಪಿಗಾರರು, ನಕಲು ವಿಭಾಗದವರು, ದಾಖಲೆ ಕೋಣೆಯವರು, ಬೇಲಿಫರು, ಜವಾನರು. ಇವರನ್ನು ಯಾರು ನೇಮಿಸಬೇಕು, ಇವರು ಯಾವ ಭಾಷೆ ಬಲ್ಲವರಾಗಿರಬೇಕು, ಯಾರ ಮಾತು ಕೇಳಬೇಕು ಎಂಬ ಪ್ರಶ್ನೆಗಳಿಗೆ ಎರಡು ನೂರು ವರ್ಷಗಳ ಇತಿಹಾಸವಿದೆ. ಅದು ಕಚೇರಿಯ ಒಳಗಿನ ಇತಿಹಾಸವಾದರೂ ಅದರ ಫಲ ಉಣ್ಣುವವನು ಹೊರಗೆ ಕಾದಿರುವ ಕಕ್ಷಿದಾರ.

ಒಂದು ಸಮನ್ಸಿನ ಪ್ರಯಾಣ

ನಾನು ಓದಿದ್ದು ವಿಜ್ಞಾನ. ಹಲವು ಹಂತಗಳಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯ ವೇಗವನ್ನು ಅದರ ಅತ್ಯಂತ ನಿಧಾನದ ಹಂತವೇ ನಿರ್ಧರಿಸುತ್ತದೆ ಎಂದು ರಸಾಯನಶಾಸ್ತ್ರದಲ್ಲಿ ಕಲಿಯುತ್ತೇವೆ. ಕೋರ್ಟಿನ ಕೆಲಸಕ್ಕೂ ಇದು ಅನ್ವಯಿಸುತ್ತದೆ. ದಾವೆ ದಾಖಲಾದ ಮೇಲೆ ಎದುರುಪಕ್ಷದವನಿಗೆ ಸಮನ್ಸ್ ಮುಟ್ಟಬೇಕು. ಅದನ್ನು ಹಿಡಿದು ಹಳ್ಳಿಗೆ ಹೋಗುವವನು ಬೇಲಿಫ. ಮನುಷ್ಯ ಸಿಗದಿದ್ದರೆ, ಅಥವಾ ಸಮನ್ಸ್ ತೆಗೆದುಕೊಳ್ಳಲು ಒಪ್ಪದಿದ್ದರೆ, ಮನೆಯ ಹೊರಬಾಗಿಲಿಗೆ ಅದರ ಪ್ರತಿಯನ್ನು ಅಂಟಿಸಿ, ಮನೆ ತೋರಿಸಿದವರು ಯಾರು, ಸಾಕ್ಷಿ ಯಾರು ಎಂದು ವರದಿ ಬರೆಯಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಆಸ್ತಿ ಜಪ್ತಿಯಾದರೆ ಡಂಗುರ ಸಾರಿಸುವ ಪದ್ಧತಿಯೂ ಅದೇ ಸಂಹಿತೆಯಲ್ಲಿದೆ. ಈ ವರದಿ ಸರಿಯಿಲ್ಲದಿದ್ದರೆ ನ್ಯಾಯಾಧೀಶರು ಎಷ್ಟೇ ದಕ್ಷರಿದ್ದರೂ ಮೊಕದ್ದಮೆ ಮುಂದೆ ಸಾಗದು. ಇನ್ನೊಂದು ತಾರೀಖು ಬೀಳುತ್ತದೆ.

ಮೇಲ್ಮನವಿಯದೂ ಇದೇ ಕಥೆ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಮೇಲ್ಮನವಿಯ ಗಡುವಿನಿಂದ ಕಳೆಯಬೇಕೆಂದು 1963ರ ಕಾಲಮಿತಿ ಕಾಯಿದೆ ಹೇಳುತ್ತದೆ. ಅಂದರೆ ಕಚೇರಿಯ ಮೇಜಿನ ಮೇಲೆ ಕಳೆಯುವ ದಿನಗಳನ್ನು ಕಾನೂನೇ ಲೆಕ್ಕಕ್ಕೆ ಹಿಡಿದಿದೆ. ಕೋರ್ಟಿನಲ್ಲಿ ‘ಗೆದ್ದವ ಸೋತ, ಸೋತವ ಸತ್ತ’ ಎಂಬ ನಮ್ಮ ಜನರ ಗಾದೆಯಲ್ಲಿ ತೀರ್ಪಿನ ದೂಷಣೆಗಿಂತ ಅಲೆದಾಟದ ನೋವೇ ಹೆಚ್ಚಾಗಿದೆ.

ದಾರದ ತುದಿ ಹಿಡಿದವರು

1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆ ಕಂಪನಿ ಸರಕಾರದ ಮುಂಬಯಿ ಪ್ರಾಂತಕ್ಕೆ ಸೇರಿತು. ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನರ ಕಾಲದಲ್ಲಿ, 1827ರಲ್ಲಿ, ಪ್ರಾಂತದ ಕಾನೂನುಗಳನ್ನು ಒಂದು ಸಂಹಿತೆಯಾಗಿ ಜೋಡಿಸಿ ಸಿವಿಲ್ ನ್ಯಾಯಾಲಯಗಳಿಗೆ ಒಂದು ಚೌಕಟ್ಟು ಕೊಡಲಾಯಿತು. ಅಧಿಕಾರಿಗಳು ಹೊಸಬರು, ಕಚೇರಿಯ ಕೆಲಸ ಬಲ್ಲವರು ಮಾತ್ರ ಹಳಬರೇ. ಹುದ್ದೆಯ ಹೆಸರುಗಳೇ ಇದಕ್ಕೆ ಸಾಕ್ಷಿ. ಶಿರಸ್ತೇದಾರ ಎಂಬ ಪಾರಸಿ ಮೂಲದ ಮಾತಿನಲ್ಲಿ ‘ದಾರದ ತುದಿ’ ಎಂಬ ಅರ್ಥ ಅಡಗಿದೆ. ಕಾಗದಗಳನ್ನು ಪೋಣಿಸಿದ ದಾರದ ತುದಿ ಯಾರ ಕೈಯಲ್ಲಿದೆಯೋ ಅವನೇ ಕಚೇರಿಯ ಹಿರಿಯ. ಕಾರಕೂನ ಎಂದರೆ ಕೆಲಸ ಮಾಡುವವನು. ನಾಜರ ಎಂದರೆ ಮೇಲುಸ್ತುವಾರಿ ನೋಡುವವನು. ಕೋರ್ಟಿನ ಹಣ, ಜಪ್ತಿ ಮಾಲು, ಬೇಲಿಫರ ಓಡಾಟ ಎಲ್ಲವೂ ಅವನ ಜವಾಬ್ದಾರಿ. ಬೇಲಿಫ ಮಾತ್ರ ಇಂಗ್ಲಿಷಿನಿಂದ ಬಂದವನು.

ಭಾಷೆಯ ತೊಡಕು ಆಗಲೇ ಇತ್ತು. ಜನರ ಮಾತು ಕನ್ನಡ. ಪೇಶ್ವೆ ಕಾಲದಿಂದ ಬಂದ ಕಚೇರಿಯ ಬರಹ ಮರಾಠಿ, ಅದೂ ಮೋಡಿ ಲಿಪಿಯಲ್ಲಿ. ತನ್ನ ಹೊಲದ ಬಗ್ಗೆ ಕಾಗದದಲ್ಲಿ ಏನು ಬರೆದಿದೆ ಎಂಬುದು ರೈತನಿಗೆ ತಿಳಿಯುತ್ತಿರಲಿಲ್ಲ. ಓದಿ ಹೇಳುವವನ ಪ್ರಾಮಾಣಿಕತೆಯೇ ಅವನಿಗೆ ಆಧಾರ. ಕ್ರಮೇಣ ಕನ್ನಡ ಕಚೇರಿಯೊಳಗೆ ಕಾಲಿಟ್ಟಿತು. ಆದರೂ ಹಳೆಯ ಜಮೀನಿನ ವ್ಯಾಜ್ಯಗಳಲ್ಲಿ ಮೋಡಿ ಕಾಗದ ಹೊರಬಂದರೆ ಅದನ್ನು ಓದಬಲ್ಲವರನ್ನು ಇಂದಿಗೂ ಹುಡುಕಬೇಕಾಗುತ್ತದೆ. ಒಂದು ಕೌಶಲ ಬಲ್ಲವರು ನಿವೃತ್ತರಾಗುವ ಮೊದಲು ಅದನ್ನು ಮುಂದಿನವರಿಗೆ ಕಲಿಸಬೇಕೆಂಬುದು ಸಿಬ್ಬಂದಿ ನಿರ್ವಹಣೆಯ ಮೊದಲ ಪಾಠ.

ಕಚೇರಿ ಯಾರದು?

1869ರ ಮುಂಬಯಿ ಸಿವಿಲ್ ನ್ಯಾಯಾಲಯಗಳ ಕಾಯಿದೆಯಿಂದ ಸಿವಿಲ್ ನ್ಯಾಯಾಲಯಗಳ ವ್ಯವಸ್ಥೆ ಗಟ್ಟಿಯಾಯಿತು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಪರಿಸ್ಥಿತಿ ಬೇರೆ. ಕಲೆಕ್ಟರರೇ ಜಿಲ್ಲಾ ಮ್ಯಾಜಿಸ್ಟ್ರೇಟರು. ಮಾಮಲೇದಾರರಿಗೂ ಮ್ಯಾಜಿಸ್ಟ್ರೇಟರ ಅಧಿಕಾರ. ಬೆಳಿಗ್ಗೆ ಕಂದಾಯ ವಸೂಲಿಯ ಕಾಗದ ನೋಡಿದ ಕಚೇರಿಯೇ ಮಧ್ಯಾಹ್ನ ಆರೋಪಿಯ ಕಾಗದವನ್ನೂ ನೋಡುತ್ತಿತ್ತು. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಇದರ ಅರ್ಥ ಏನಿತ್ತೆಂದು ಊಹಿಸಿ. ಕಾನೂನು ಮುರಿದನೆಂದು ಸತ್ಯಾಗ್ರಹಿಯನ್ನು ಹಿಡಿಸಿದ ಆಡಳಿತವೇ ಅವನ ವಿಚಾರಣೆಯ ಕಚೇರಿಯನ್ನೂ ನಡೆಸುತ್ತಿತ್ತು.

ಆದ್ದರಿಂದಲೇ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂಬ ಮಾತು ಸಂವಿಧಾನದ 50ನೆಯ ಅನುಚ್ಛೇದದಲ್ಲಿ ಸೇರಿತು. ಮುಂಬಯಿ ರಾಜ್ಯ ಇದಕ್ಕಾಗಿ 1951ರಲ್ಲೇ ಪ್ರತ್ಯೇಕ ಕಾಯಿದೆ ಮಾಡಿತು. ದೇಶದ ಬಹುಭಾಗಕ್ಕೆ ಅನ್ವಯಿಸುವಂತೆ ಈ ಬೇರ್ಪಡೆ ಬಂದದ್ದು 1974ರ ಏಪ್ರಿಲ್ 1ರಿಂದ ಜಾರಿಯಾದ ದಂಡ ಪ್ರಕ್ರಿಯಾ ಸಂಹಿತೆಯ ಮೂಲಕ. ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳ ಹತೋಟಿಯನ್ನು 235ನೆಯ ಅನುಚ್ಛೇದ ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದೆ. ಆದರೆ ಹುದ್ದೆ ಮಂಜೂರು ಮಾಡುವುದು, ಸಂಬಳಕ್ಕೆ ಹಣ ಕೊಡುವುದು ಸರಕಾರ. ಕೆಲಸ ತೆಗೆದುಕೊಳ್ಳುವ ಕೈ ಒಂದು, ಕಾಸು ಕೊಡುವ ಕೈ ಇನ್ನೊಂದು. ಖಾಲಿ ಹುದ್ದೆ ಬೇಗ ತುಂಬದಿರಲು ಇದೂ ಒಂದು ಕಾರಣ ಎಂಬುದನ್ನು ಗಮನಿಸಬೇಕು.

ಐದು ಸೀಮೆ, ಒಂದು ಯಾದಿ

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಸಂಭ್ರಮ ದೊಡ್ಡದಿತ್ತು. ಅದರ ಮರುದಿನದಿಂದ ಕಚೇರಿಗಳಲ್ಲಿ ಹೊಸ ತಲೆನೋವು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ನೌಕರರು ಒಂದೇ ಸೂರಿನಡಿ ಬಂದರು. ಇಲ್ಲಿನ ಕಾರಕೂನನೂ ಅಲ್ಲಿನ ಗುಮಾಸ್ತೆಯೂ ಸಮಾನರೇ? ಸಂಬಳ ಬೇರೆ, ಬಡ್ತಿಯ ನಿಯಮ ಬೇರೆ; ಹಾಗಿರುವಾಗ ಹಿರಿಯರು ಯಾರು? ಒಬ್ಬನನ್ನು ಯಾದಿಯಲ್ಲಿ ಮೇಲಕ್ಕೆ ಬರೆದರೆ ಇನ್ನೊಬ್ಬನ ಬಡ್ತಿ ಹತ್ತು ವರ್ಷ ಹಿಂದೆ ಬೀಳಬಹುದು. ರಾಜ್ಯ ಪುನರ್‌ವಿಂಗಡಣಾ ಕಾಯಿದೆಯ 115ನೆಯ ಕಲಮು ಈ ನೌಕರರಿಗೆ ಒಂದು ರಕ್ಷಣೆ ಕೊಟ್ಟಿತು: ಕೇಂದ್ರ ಸರಕಾರದ ಪೂರ್ವಾನುಮತಿ ಇಲ್ಲದೆ ಅವರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ಆದರೂ ಜ್ಯೇಷ್ಠತೆಯ ತಕರಾರುಗಳು ಬಹುಕಾಲ ನಡೆದು, ಸ್ವತಃ ಸರಕಾರಿ ನೌಕರರೇ ಕಕ್ಷಿದಾರರಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನ್ಯಾಯಾಲಯಗಳ ರಚನೆಯನ್ನು ರಾಜ್ಯದಾದ್ಯಂತ ಒಂದೇ ಅಚ್ಚಿಗೆ ತಂದದ್ದು 1964ರ ಸಿವಿಲ್ ನ್ಯಾಯಾಲಯಗಳ ಕಾಯಿದೆ.

ಕರ್ನಾಟಕಕ್ಕೆ ಸಂಬಂಧಿಸಿದ ಇನ್ನೊಂದು ಹೆಜ್ಜೆಯನ್ನು ಹೇಳಬೇಕು. 1996ರಲ್ಲಿ ನೇಮಕವಾದ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಕೆ. ಜಗನ್ನಾಥ ಶೆಟ್ಟಿ. ಆಯೋಗ ನ್ಯಾಯಾಧೀಶರ ವೇತನಕ್ಕಷ್ಟೇ ನಿಲ್ಲದೆ, ಕೋರ್ಟಿನ ಸಿಬ್ಬಂದಿಯ ಸೇವಾ ಷರತ್ತುಗಳ ಬಗ್ಗೆಯೂ 2003ರಲ್ಲಿ ಪ್ರತ್ಯೇಕ ವರದಿ ಕೊಟ್ಟಿತು. ಪೀಠದ ಕೆಳಗಿನ ಮೇಜುಗಳನ್ನು ದೇಶ ಒಟ್ಟಾಗಿ ನೋಡಿದ ಸಂದರ್ಭ ಅದು.

ಹತ್ತಿರ ಬಂದ ಪೀಠ

ಬೆಳಗಾವಿಯ ಕಕ್ಷಿದಾರ ಉಚ್ಚ ನ್ಯಾಯಾಲಯಕ್ಕಾಗಿ ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಿತ್ತು. ವಕೀಲರ, ಜನರ ದೀರ್ಘ ಹೋರಾಟದ ಫಲವಾಗಿ 2008ರ ಜುಲೈ 4ರಂದು ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಯಿತು. 2013ರ ಆಗಸ್ಟಿನಲ್ಲಿ ಅದು ಕಾಯಂ ಪೀಠವಾಯಿತು. ಈಗ ಅದೇ ಕಕ್ಷಿದಾರ ಸುಮಾರು 80 ಕಿ.ಮೀ. ಬಂದರೆ ಸಾಕು.

ಪೀಠವೆಂದರೆ ಕಟ್ಟಡ ಮತ್ತು ನ್ಯಾಯಮೂರ್ತಿಗಳು ಮಾತ್ರವಲ್ಲ. 229ನೆಯ ಅನುಚ್ಛೇದದಂತೆ ಉಚ್ಚ ನ್ಯಾಯಾಲಯದ ನೌಕರರನ್ನು ನೇಮಿಸುವ ಅಧಿಕಾರ ಮುಖ್ಯ ನ್ಯಾಯಮೂರ್ತಿಗಳದು. ಜಿಲ್ಲಾ ನ್ಯಾಯಾಲಯದ ನೌಕರವರ್ಗವೇ ಬೇರೆ. ಪಕ್ಕದ ಕೋರ್ಟಿನ ಶಿರಸ್ತೇದಾರರನ್ನು ಕರೆತಂದು ಇಲ್ಲಿ ಕೂರಿಸುವಂತಿಲ್ಲ. ಜೊತೆಗೆ ಕೆಳ ನ್ಯಾಯಾಲಯದಲ್ಲಿ ಸಾಕ್ಷ್ಯ ಕನ್ನಡದಲ್ಲಿ, ಉಚ್ಚ ನ್ಯಾಯಾಲಯದ ಕಲಾಪ ಇಂಗ್ಲಿಷಿನಲ್ಲಿ. ನಡುವೆ ನಿಂತು ಅನುವಾದ ಮಾಡುವವರು ಒಂದು ಮಾತು ತಪ್ಪಿದರೆ ಸಾಕ್ಷಿ ಹೇಳಿದ್ದೇ ಬೇರೆಯಾಗುತ್ತದೆ. ಪೇಶ್ವೆ ಕಾಲದ ರೈತನ ತೊಡಕು ಇಲ್ಲಿ ಇನ್ನೊಂದು ರೂಪದಲ್ಲಿ ಉಳಿದಿದೆ.

ಈಗ ಇ-ಕೋರ್ಟ್ ಯೋಜನೆಯಿಂದ ಪ್ರತಿ ಮೊಕದ್ದಮೆಗೂ 16 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಬಂದಿದೆ. ತಾರೀಖನ್ನು ಮನೆಯಲ್ಲೇ ನೋಡಬಹುದು. ಸಮನ್ಸ್ ಒಯ್ಯುವವರು ಅದನ್ನು ಮುಟ್ಟಿಸಿದ ಸ್ಥಳ ಮತ್ತು ವೇಳೆಯನ್ನು ಮೊಬೈಲಿನಲ್ಲೇ ದಾಖಲಿಸುವ ವ್ಯವಸ್ಥೆಯೂ ರೂಪುಗೊಂಡಿದೆ. ಯಂತ್ರ ನಿಧಾನದ ಹಂತವನ್ನು ಬೇಗಗೊಳಿಸಬಲ್ಲದು. ಆದರೆ ಬಾಗಿಲು ತಟ್ಟಿ, ‘ಇದು ಏನು, ಯಾವತ್ತು ಬರಬೇಕು’ ಎಂದು ಓದುಬಾರದ ಮುದುಕಿಗೆ ತಿಳಿಸಿ ಹೇಳುವ ಕೆಲಸಕ್ಕೆ ಈಗಲೂ ಮನುಷ್ಯನೇ ಬೇಕು.

ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಎಲ್ಲರಿಗೂ ಮುಕ್ತ. ಶಿಕ್ಷಕರ ಜೊತೆಗೂಡಿ ಒಂದು ದಿನ ನಿಮ್ಮ ಊರಿನ ಕೋರ್ಟಿಗೆ ಹೋಗಿ ಕುಳಿತುಕೊಳ್ಳಿ. ವಾದ ಕೇಳುವುದರ ಜೊತೆಗೆ ಕಡತವೊಂದು ಎಷ್ಟು ಕೈ ದಾಟುತ್ತದೆಂದು ಎಣಿಸಿ. ಎಷ್ಟು ಪ್ರಕರಣಗಳು ವಾದದ ಕಾರಣಕ್ಕೆ ಮುಂದೂಡಲ್ಪಟ್ಟವು, ಎಷ್ಟು ಸಮನ್ಸ್ ಮುಟ್ಟದ ಕಾರಣಕ್ಕೆ, ಎಷ್ಟು ಕಾಗದ ಬಾರದ ಕಾರಣಕ್ಕೆ ಎಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ತರಗತಿಯಲ್ಲಿ ಚರ್ಚೆಗೆ ಇಡಿ.