ಬೆರಳ ತುದಿಯ ಮರಳು

ಜಯನಗರ, ಜೆ.ಪಿ. ನಗರಗಳ ಅಡ್ಡರಸ್ತೆಗಳಲ್ಲಿ ಸುಮ್ಮನೆ ನಡೆದರೂ ‘ಮಾಂಟೆಸ್ಸರಿ’ ಎಂಬ ಬೋರ್ಡು ಎಲ್ಲಾದರೊಂದು ಗೇಟಿನ ಮೇಲೆ ಸಿಕ್ಕೇ ಸಿಗುತ್ತದೆ. ಒಳಗೆ ಮೂರು ವರ್ಷದ ಮಗು ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತಿರುತ್ತದೆ. ಹಳೆಯ ಕಾಲದ ಊರಶಾಲೆಯಾದ ಕೂಲಿಮಠದ ಹುಡುಗರೂ ಮರಳ ಮೇಲೆ ಹೀಗೇ ತಿದ್ದುತ್ತಿದ್ದರು. ಹೋಲಿಕೆ ಬೆರಳಿನ ಮಟ್ಟಿಗೆ ಮಾತ್ರ. ಅಲ್ಲಿ ಬೆತ್ತ ಮೇಷ್ಟ್ರಾದ ಅಯ್ಯನವರ ಕೈಯಲ್ಲಿತ್ತು. ಇಲ್ಲಿ ಯಾವ ಅಕ್ಷರ, ಎಷ್ಟು ಹೊತ್ತು ಎಂಬುದು ಮಗುವಿನ ಇಷ್ಟ.

ಈ ಪದ್ಧತಿಯನ್ನು ರೂಪಿಸಿದ ಇಟಲಿಯ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರೆಯ ಮೇರೆಗೆ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದದ್ದೇ ತಡ, ಬ್ರಿಟಿಷರ ಕಣ್ಣಿಗೆ ಅವರು ಶತ್ರುದೇಶದವರಾದರು. ಬೇಕಾದಂತೆ ಓಡಾಡುವ ಹಾಗಿಲ್ಲ. ಕೊಡೈಕೆನಾಲಿನಲ್ಲಿ ಕಳೆದ ಆ ದಿನಗಳಲ್ಲೇ ಗಿಡ, ಹುಳು, ಕಲ್ಲು, ನೀರು ಅವರ ಪಾಠದ ನಡುಮಧ್ಯಕ್ಕೆ ಬಂದವು. ನಿರ್ಬಂಧವೂ ಒಮ್ಮೊಮ್ಮೆ ಒಳ್ಳೆಯ ಕೆಲಸ ಮಾಡಿಸುತ್ತದೆ!

ಅದೇ ಅಡ್ಯಾರಿನಲ್ಲಿ ಬೆಳೆದು, ಥಿಯಾಸಾಫಿಸ್ಟರು ತಮಗಾಗಿ ಕಟ್ಟಿದ್ದ ಸಂಘವನ್ನೇ 1929ರಲ್ಲಿ ವಿಸರ್ಜಿಸಿ ಹೊರಟವರು ಚಿಂತಕ ಜೆ. ಕೃಷ್ಣಮೂರ್ತಿ. ಅವರ ಪ್ರತಿಷ್ಠಾನದ ವ್ಯಾಲಿ ಸ್ಕೂಲ್ 1978ರಲ್ಲಿ ಬನಶಂಕರಿಯಿಂದಾಚೆ, ಕನಕಪುರ ರಸ್ತೆಯ ತಾತಗುಣಿ ಕಡೆಯ ಕುರುಚಲು ಕಾಡಿನಲ್ಲಿ ಶುರುವಾಯಿತು. ಬೆಂಗಳೂರಿನ ಹಕ್ಕಿಪ್ರಿಯರಿಗೆ ಆ ಜಾಗ ಶಾಲೆಯಾಗಿ ಎಷ್ಟು ಪರಿಚಿತವೋ ಹಕ್ಕಿಗಳಿಂದಲೂ ಅಷ್ಟೇ ಪರಿಚಿತ.

ಇದೆಲ್ಲ ದುಡ್ಡಿದ್ದವರ ಮಕ್ಕಳಿಗೆ ಎಂದುಕೊಳ್ಳುವವರು ಪಕ್ಕದ ಸರ್ಕಾರಿ ಶಾಲೆಗೆ ಇಣುಕಬೇಕು. ಅದೇ ಪ್ರತಿಷ್ಠಾನದ, ಆಂಧ್ರದಲ್ಲಿರುವ ರಿಷಿ ವ್ಯಾಲಿ ಶಾಲೆಯ ಸುತ್ತಲ ಹಳ್ಳಿಶಾಲೆಗಳಲ್ಲಿ ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುವ ಮಕ್ಕಳನ್ನು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ನೋಡಿ ಬಂದರು. 1995ರಲ್ಲಿ, ಯುನಿಸೆಫ್ ನೆರವಿನಿಂದ, ಹೆಗ್ಗಡದೇವನಕೋಟೆಯಲ್ಲೇ ‘ನಲಿಕಲಿ’ ಎಂಬ ಕಲಿಕಾ ಪದ್ಧತಿ ಹುಟ್ಟಿತು. ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದರಿಂದ ಮೂರನೇ ತರಗತಿಗೆಲ್ಲ ಹಬ್ಬಿತು. ಮೂರೂ ತರಗತಿಯವರು ಒಂದೇ ಕೋಣೆಯಲ್ಲಿ, ‘ತಟ್ಟೆ’ ಎಂಬ ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ. ನಿನ್ನೆ ಶಾಲೆ ತಪ್ಪಿಸಿದ ಮಗು ಇವತ್ತು ತಾನು ಬಿಟ್ಟ ಮೆಟ್ಟಿಲಿನಿಂದಲೇ ಕಲಿಕೆಯ ಏಣಿ ಹತ್ತುತ್ತದೆ. ಅಕ್ಷರವೂ ಅ, ಆ ಎಂದು ಶುರುವಾಗುವುದಿಲ್ಲ. ಬೆರಳಿಗೆ ಸುಲಭವಾಗಿ ಒಗ್ಗುವ ರ, ಗ, ಸ, ದ ಆದ ಮೇಲೆ ಅ. ತಲೆಯ ಮೇಲೆ ದಾರ ಕಟ್ಟಿದ ‘ಕಲಿಕಾ ಚಪ್ಪರ’, ಅದರಲ್ಲಿ ಮಕ್ಕಳೇ ಮಾಡಿದ ಚಿತ್ರಗಳ ತೋರಣ. ಒಬ್ಬರೇ ಟೀಚರಿಗೆ ಇಷ್ಟೂ ತಟ್ಟೆ ಸಂಭಾಳಿಸುವುದು ಮಾತ್ರ ಹುಡುಗಾಟವಲ್ಲ.

ನಲಿಕಲಿ ಕೋಣೆಯ ಗೋಡೆಯ ಮೇಲೊಂದು ಹವಾಮಾನ ನಕ್ಷೆ. ಮಕ್ಕಳು ಹೊರಗೆ ಇಣುಕಿ, ಬಿಸಿಲೋ ಮಳೆಯೋ ಮೋಡವೋ ಎಂದು ತಮ್ಮಲ್ಲೇ ವಾದಿಸಿ ಗುರುತು ಹಾಕಬೇಕು. ಬೆಂಗಳೂರಿನ ಜುಲೈನಲ್ಲಿ ಆ ನಕ್ಷೆಯ ತುಂಬ ಮೋಡವೇ.